ಸರಪಳಿ ಯಾರ ಕಾಲಿಗಾದರೂ ಸರಿಯೇ?

ತೊಂಬತ್ತು ವರ್ಷದ ಹಿಂದಿನ ಬ್ಲ್ಯಾಕ್ ಅಂಡ್ ವೈಟ್ ಸಿನಿಮಾ ಅಂದ ತಕ್ಷಣ ನಮ್ಮಲ್ಲಿ ಬಹಳ ಜನ ಮುಖ ತಿರುಗಿಸ್ತಾರೆ. ಆದರೂ 1932ರ 'ಐ ಆ್ಯಮ್ ಎ ಫ್ಯುಜಿಟಿವ್ ಫ್ರಮ್ ಎ ಚೈನ್ ಗ್ಯಾಂಗ್' ಚಿತ್ರವನ್ನು ಈ ಸೆಮಿಸ್ಟರ್ ಮುಗಿಯೋದರೊಳಗೆ ಒಮ್ಮೆ ನೋಡಿ ಅಂತ ನನ್ನ ಒತ್ತಾಯ. ವಾರ್ನರ್ ಬ್ರದರ್ಸ್ ಚಿತ್ರ, ನಿರ್ದೇಶನ ಮರ್ವಿನ್ ಲೆರಾಯ್, ನಾಯಕ ಪಾಲ್ ಮ್ಯೂನಿ.

ಜೇಮ್ಸ್ ಅಲೆನ್ ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕ. ನಮ್ಮಲ್ಲಿ ಅನೇಕರ ಹಾಗೆ ಅವನಿಗೂ ಎಂಜಿನಿಯರ್ ಆಗಿ ಸೇತುವೆ ಕಟ್ಟುವ ಆಸೆ. ಕೆಲಸ ಸಿಗೋದಿಲ್ಲ. ಪದಕ ಒತ್ತೆ ಇಡಲು ಹೋದರೆ ಅಂಗಡಿಯವನು ಅಂಥವೇ ಪದಕಗಳ ರಾಶಿ ತೋರಿಸ್ತಾನೆ. ಬಂದೂಕಿನ ಬೆದರಿಕೆಗೆ ಸಿಕ್ಕಿ ಒಂದು ಪುಟ್ಟ ದರೋಡೆಯಲ್ಲಿ ಕೈ ಹಾಕಿದ್ದಕ್ಕೆ ಹತ್ತು ವರ್ಷ ಕಠಿಣ ಶಿಕ್ಷೆ, ಕಾಲಿಗೆ ಸರಪಳಿ. ತಪ್ಪಿಸಿಕೊಂಡು ಷಿಕಾಗೋದಲ್ಲಿ ದೊಡ್ಡ ಎಂಜಿನಿಯರ್ ಆಗ್ತಾನೆ. ತೊಂಬತ್ತು ದಿನ ಇದ್ದರೆ ಕ್ಷಮೆ ಸಿಗುತ್ತೆ ಅನ್ನೋ ಸರ್ಕಾರದ ಮಾತು ನಂಬಿ ತಾನಾಗಿಯೇ ಮರಳ್ತಾನೆ. ಸರ್ಕಾರ ಮಾತು ತಪ್ಪುತ್ತೆ. ಸೇತುವೆ ಕಟ್ಟಬೇಕಿದ್ದವನು ಎರಡನೇ ಸಲ ಓಡುವಾಗ ಡೈನಮೈಟ್ ಇಟ್ಟು ಒಂದು ಸೇತುವೆಯನ್ನೇ ಉಡಾಯಿಸ್ತಾನೆ.

ಇದು ಬರೀ ಕಥೆಯಲ್ಲ. ರಾಬರ್ಟ್ ಬರ್ನ್ಸ್ ಎಂಬಾತ 1922ರಲ್ಲಿ ಜಾರ್ಜಿಯಾದಲ್ಲಿ ಆರು ಡಾಲರ್‌ಗೂ ಕಡಿಮೆ ಮೊತ್ತದ ದರೋಡೆಗಾಗಿ ಸಿಕ್ಕಿಬಿದ್ದ, ಎರಡು ಸಲ ತಪ್ಪಿಸಿಕೊಂಡ, ತನ್ನ ಕಥೆ ಬರೆದ. ಚಿತ್ರ ಬಂದ ಮೇಲೆ ನ್ಯೂಜೆರ್ಸಿಯಲ್ಲಿ ಅವನ ಬಂಧನವಾದಾಗ ಅಲ್ಲಿನ ಗವರ್ನರ್ ಅವನನ್ನು ಜಾರ್ಜಿಯಾಕ್ಕೆ ಒಪ್ಪಿಸಲಿಲ್ಲ. ಬಿಡುಗಡೆಯ ಆದೇಶ ಬಂದದ್ದು 1945ರಲ್ಲಿ. ಜಾರ್ಜಿಯಾದ ಚೈನ್ ಗ್ಯಾಂಗ್‌ಗಳು ನಿಂತದ್ದೂ ಆ ಹೊತ್ತಿಗೇ.

ಚಿತ್ರದ ಬಗ್ಗೆ ನನಗೆ ಒಂದು ತಕರಾರಿದೆ. ಅದು ನಮ್ಮ ಕರುಣೆಯನ್ನು ಸುಲಭ ಮಾಡಿಬಿಡುತ್ತೆ. ಅಲೆನ್ ಒಳ್ಳೆಯವನು, ಬುದ್ಧಿವಂತ, ನಿರಪರಾಧಿ. ಅವನಿಗಾಗಿ ಯಾರು ತಾನೇ ಮರುಗೋದಿಲ್ಲ? ಆದರೆ ಪಕ್ಕದಲ್ಲೇ ಕಲ್ಲು ಒಡೆಯುವವರಲ್ಲಿ ನಿಜವಾಗಿಯೂ ಕದ್ದವರಿದ್ದಾರೆ. ಅವರ ಬೆನ್ನಿಗೆ ಬೀಳುವ ಏಟು ನ್ಯಾಯವೇ? ಜಾರ್ಜಿಯಾದ ಸರಪಳಿಗಳಲ್ಲಿ ಹೆಚ್ಚಿನವರು ಕಪ್ಪು ಜನ. ಚಿತ್ರದಲ್ಲಿ ಸುತ್ತಿಗೆಯಿಂದ ಹೊಡೆದು ಅಲೆನ್‌ನ ಕಾಲುಕಡಗ ಸಡಿಲಿಸುವವನೂ ಒಬ್ಬ ಕಪ್ಪು ಕೈದಿ. ಅಲೆನ್ ಓಡ್ತಾನೆ, ಅವನು ಅಲ್ಲೇ ಉಳೀತಾನೆ. ಅವನ ಕಥೆ ಕೇಳೋರಿಲ್ಲ.

1865ರ ಹದಿಮೂರನೇ ತಿದ್ದುಪಡಿ ಗುಲಾಮಗಿರಿಯನ್ನು ರದ್ದು ಮಾಡಿದಾಗ, ಅಪರಾಧಕ್ಕೆ ಶಿಕ್ಷೆಯಾಗಿ ಬಲವಂತದ ದುಡಿಮೆಗೆ ಮಾತ್ರ ಬಾಗಿಲು ತೆರೆದೇ ಇಟ್ಟಿತು. ಫೆಡರಲ್ ಸಂವಿಧಾನದಲ್ಲಿ ಆ ಬಾಗಿಲು ಇನ್ನೂ ಮುಚ್ಚಿಲ್ಲ. ನಾವು ಓದೋಕೆ ಬಂದಿರುವ ದೇಶದ ಕಾನೂನು ಇದು, ತಿಳಿದಿರೋದು ಒಳ್ಳೆಯದು.

ಹಾಗಾಗಿ ಚಿತ್ರ ನೋಡಿ, ಅಲೆನ್‌ಗಾಗಿ ಮರುಗಿ. ಆಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಅವನು ನಿಜವಾಗಿ ಕದ್ದಿದ್ದರೆ ನಮಗೆ ಈ ಸರಪಳಿ ಸರಿ ಅನ್ನಿಸ್ತಿತ್ತಾ? ಹೌದು ಅನ್ನಿಸಿದರೆ ಚಿತ್ರವನ್ನು ಇನ್ನೊಮ್ಮೆ ನೋಡಬೇಕು.