ಗೋಡೆಯ ಮೇಲಿನ ಹುಲಿಗೆ ಗರ್ಜನೆ ಕೊಟ್ಟವರು ಯಾರು?

ಸಾಂಗ್ಲಿ, ಮಿರಜ, ಜತ್ತ ಸೀಮೆಯ ನಮ್ಮ ಶಾಲೆಗಳ ಪ್ರವಾಸ ಕೊಲ್ಹಾಪುರಕ್ಕೆ ಹೋದರೆ, ಅಂಬಾಬಾಯಿಯ ದರ್ಶನ ಮುಗಿಸಿ ಹೊಸ ಅರಮನೆಯ ವಸ್ತುಸಂಗ್ರಹಾಲಯ ನೋಡಿ ಬರುವುದುಂಟು. ಅಲ್ಲಿ ಬೇಟೆಯಾಡಿದ ಹುಲಿ ಮತ್ತಿತರ ಕಾಡುಪ್ರಾಣಿಗಳನ್ನು ಜೀವಂತ ಇದ್ದಂತೆಯೇ ನಿಲ್ಲಿಸಿದ್ದಾರೆ. ಮಕ್ಕಳು ಬೆರಗಾಗಿ ನಿಲ್ಲುತ್ತವೆ. ಜೊತೆಗಿದ್ದ ದೊಡ್ಡವರು ಹೇಳುವುದು ಒಂದೇ ಮಾತು: “ನೋಡ್ರಪಾ, ಆಗಿನ ರಾಜರು ಎಂಥಾ ಶೂರರಿದ್ರು!” ಈ ಮಾತು ನಿಲ್ಲಬೇಕು ಎಂಬುದೇ ನನ್ನ ವಾದ. ಗೋಡೆಯ ಮೇಲಿನ ಹುಲಿ ಶೌರ್ಯದ ಸಾಕ್ಷಿ ಅಲ್ಲ. ಹಣ ಕೊಟ್ಟು ಮಾಡಿಸಿದ ಸಾಮಾನು ಅದು.

ಹೇಗೆ ಮಾಡಿಸುತ್ತಿದ್ದರು, ಮೊದಲು ಅದನ್ನು ನೋಡೋಣ. ಆ ಕಾಲದ ರಾಜರು, ಇಂಗ್ಲಿಷ್ ಸಾಹೇಬರು ಹುಲಿ ಹೊಡೆದ ಮೇಲೆ ತೊಗಲು ಸುಲಿಸಿ, ಉಪ್ಪು ಸವರಿಸಿ ದೂರದ ಊರಿಗೆ ಕಳಿಸುತ್ತಿದ್ದರು. ಈ ಕಸುಬಿಗೆ ದೇಶದಲ್ಲೆಲ್ಲ ಹೆಸರಾಗಿದ್ದದ್ದು ನಮ್ಮ ಮೈಸೂರಿನ ‘ವ್ಯಾನ್ ಇಂಗೆನ್’ ಕಾರ್ಖಾನೆ. ಯುಜೀನ್ ವ್ಯಾನ್ ಇಂಗೆನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಕಟ್ಟಿದರು. ಅವರ ಮಕ್ಕಳು ಮುಂದುವರಿಸಿದರು. 1999ರಲ್ಲಿ ಅದು ಮುಚ್ಚಿತು. ಏಳಿಗೆಯ ದಿನಗಳಲ್ಲಿ ಸುಮಾರು 150 ಕೆಲಸಗಾರರು ಅಲ್ಲಿದ್ದರು. ತೊಗಲನ್ನು ಹದ ಮಾಡುವುದು, ಕಾಗದದ ರದ್ದಿಯಿಂದ ಹುಲಿಯ ಅಳತೆಯ ಮೈ ತಯಾರಿಸಿ ಅದರ ಮೇಲೆ ತೊಗಲು ಹೊದಿಸುವುದು, ಗಾಜಿನ ಕಣ್ಣು ಕೂಡಿಸುವುದು, ನಾಲಿಗೆಗೂ ಒಸಡಿಗೂ ಬಣ್ಣ ಹಚ್ಚುವುದು, ಇವೆಲ್ಲ ಅವರ ಕೈಚಳಕ. ಅದು ದೊಡ್ಡ ಕಲೆ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಒಂದು ಮಾತು ಗಮನಿಸಿರಿ. ಬಹಳ ಹುಲಿಗಳು ಸತ್ತದ್ದು ಗರ್ಜಿಸುತ್ತ ಅಲ್ಲ. ಕಟ್ಟಿಹಾಕಿದ ಕೋಣದ ಮರಿಯನ್ನು ತಿನ್ನಲು ಬಂದಾಗ, ಮರದ ಮೇಲಿನ ಅಟ್ಟಣೆಯಿಂದ ಗುಂಡು ಬಿತ್ತು. ಇಲ್ಲವೇ ಹಲಗಿ, ತಾಸೆ ಬಡಿದು ಅಟ್ಟಿಕೊಂಡು ಬಂದಾಗ, ಆನೆಯ ಮೇಲೆ ಕುಳಿತವರ ಬಂದೂಕಿಗೆ ಎದುರಾದವು. ಆ ತೆರೆದ ಬಾಯಿ, ಆ ಹೊರಚಾಚಿದ ಹಲ್ಲು, ಆ ಸಿಟ್ಟಿನ ಮುಖ ಕೊಟ್ಟದ್ದು ಕಾಡಲ್ಲ, ಕಾರ್ಖಾನೆ. ಹುಲಿ ಸಿಟ್ಟಾಗಿ ಕಂಡಷ್ಟೂ ಹೊಡೆದವನು ಶೂರನಾಗಿ ಕಾಣುತ್ತಾನಲ್ಲ!

ಹಾಗಾದರೆ ಶೂರರು ಯಾರೂ ಇರಲಿಲ್ಲವೇ? ಇದ್ದರು. ಕೈಯಲ್ಲಿ ಬರೀ ಕೋಲು, ಹಲಗಿ ಹಿಡಿದು ಕಾಡಿನೊಳಗೆ ಕಾಲ್ನಡಿಗೆಯಲ್ಲಿ ನುಗ್ಗಿ ಹುಲಿಯನ್ನು ಎಬ್ಬಿಸಿದ ಹಳ್ಳಿಯ ಮಂದಿ. ಗಾಯಗೊಂಡ ಹುಲಿ ಮೊದಲು ತಿರುಗಿ ಬೀಳುತ್ತಿದ್ದುದು ಇಂಥವರ ಮೇಲೆಯೇ. ಕೆಳಗಿನ ಹಿತ್ತಾಳೆ ಪಟ್ಟಿಯಲ್ಲಿ ಅವರ ಹೆಸರೂ ಇಲ್ಲ, ಬಣ್ಣ ಹಚ್ಚಿದವರ ಹೆಸರೂ ಇಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರಿ!

ಈಗ ಲೆಕ್ಕ ನೋಡಿರಿ. ಮೈಸೂರಿನ ಆ ಒಂದೇ ಕಾರ್ಖಾನೆಯಲ್ಲಿ ತಯಾರಾದ ಹುಲಿ-ಚಿರತೆಗಳು 43,000ಕ್ಕೂ ಹೆಚ್ಚು ಎಂದು ಅಂದಾಜು. 1972ರಲ್ಲಿ ಇಡೀ ದೇಶದ ಹುಲಿಗಳನ್ನು ಎಣಿಸಿದಾಗ ಸಿಕ್ಕದ್ದು 1,827. ಕೊಲ್ಹಾಪುರದವರು ಕೃಷ್ಣಮೃಗ ಹಿಡಿಯಲು ಪಳಗಿಸಿದ ಚೀತಾಗಳನ್ನು ಬಿಡುತ್ತಿದ್ದರು. 1952ರ ಹೊತ್ತಿಗೆ ನಮ್ಮ ದೇಶದ ಚೀತಾ ಸಂತತಿಯೇ ಅಳಿದುಹೋಯಿತೆಂದು ಸರಕಾರ ಸಾರಿತು. ಮಕ್ಕಳಿಗೆ ಹೇಳಬೇಕಾದ ಇತಿಹಾಸ ಇದು.

“ಬೇಟೆಗಾರರೇ ಕಾಡು ಉಳಿಸಿದರು, ರಾಧಾನಗರಿಯೇ ಸಾಕ್ಷಿ” ಎಂದು ಕೆಲವರು ವಾದಿಸುತ್ತಾರೆ. ರಾಜರ ಬೇಟೆಯ ಕಾಡು ಅಂತ ಅದು ಉಳಿಯಿತು, ನಿಜ. ಆದರೆ 1958ರಲ್ಲಿ ಅದನ್ನು ಕಾಡುಕೋಣಗಳ ಅಭಯಾರಣ್ಯ ಅಂತ ಸಾರಿ ಬಂದೂಕು ಹೊರಗಿಟ್ಟ ಮೇಲೆಯೇ ಪ್ರಾಣಿಗಳಿಗೆ ಅದು ಆಸರೆಯಾಯಿತು. ಇನ್ನು ಕೆಲವರು, “ಹಿಂಗಂದ್ರ ಶಾಹೂ ಮಹಾರಾಜರಿಗೆ ಅವಮಾನ ಆಗ್ತದ” ಅನ್ನುತ್ತಾರೆ. ಅವರು ಬೇಟೆಯ ಹವ್ಯಾಸದವರು, ಸುಳ್ಳಲ್ಲ. ಆದರೆ ಅವರ ದೊಡ್ಡಸ್ತಿಕೆ ಇರುವುದು ಹಿಂದುಳಿದವರಿಗೆ ನೂರಕ್ಕೆ 50 ನೌಕರಿ ಮೀಸಲಿಟ್ಟ 1902ರ ಆಜ್ಞೆಯಲ್ಲಿ. ಅಂಥವರನ್ನು ಹುಲಿಯ ತೊಗಲಿನಿಂದ ಅಳೆಯುವುದೇ ಅವಮಾನ.

ಇನ್ನು ಹಳೆಯ ವಾಡೆಗಳ ಮಾತು. ಹುಳ ಹಿಡಿದ ತಲೆ, ಕೂದಲು ಉದುರಿದ ತೊಗಲು ಗೋಡೆಯ ಮೇಲೆ ಇನ್ನೂ ಇದ್ದರೆ, ಮನೆಯವರು “ಹತ್ತಿರದಾಗ ಯಾರರೆ ರಿಪೇರಿ ಮಾಡವ್ರು ಅದಾರೇನ್ರಿ?” ಎಂದು ಕೇಳುವುದು ಸಹಜ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಯಾರೂ ಈ ಕಸುಬು ನಡೆಸುವಂತಿಲ್ಲ. ಮಾಲಕತ್ವದ ಪ್ರಮಾಣಪತ್ರ ಇಲ್ಲದೆ ಇಟ್ಟುಕೊಳ್ಳುವುದು ಅಪರಾಧ. ಪತ್ರ ಇದ್ದರೂ ಮಾರುವಂತಿಲ್ಲ. ಇಷ್ಟೂ ಸಾಲದೆಂಬಂತೆ, ಹಿಂದಿನವರು ಹುಳ ಹತ್ತದಿರಲಿ ಎಂದು ಇಂಥ ತೊಗಲುಗಳಿಗೆ ಪಾಷಾಣ ಸವರುತ್ತಿದ್ದುದು ಬಹಳ. ಮಕ್ಕಳು ಮುಟ್ಟುವ ಜಾಗದಲ್ಲಿ ಅದನ್ನು ಇಡುವುದೇ ತಪ್ಪು.

ಆದ್ದರಿಂದ ಹಿರಿಯರೇ, ರಿಪೇರಿಗೆ ದುಡ್ಡು ಹಾಕಬೇಡಿರಿ. 2022ರ ತಿದ್ದುಪಡಿಯಲ್ಲಿ, ಪ್ರಮಾಣಪತ್ರ ಇದ್ದವರು ಇಂಥ ವಸ್ತುಗಳನ್ನು ತಾವಾಗಿ ಅರಣ್ಯ ಇಲಾಖೆಗೆ ಒಪ್ಪಿಸಲು ದಾರಿ ಮಾಡಿದ್ದಾರೆ. ಪರಿಹಾರ ಸಿಗುವುದಿಲ್ಲ. ಸಿಗಬೇಕಾದದ್ದೂ ಇಲ್ಲ. ಮನೆತನದ ಮಾನ ಗೋಡೆಯ ಮೊಳೆಗೆ ತೂಗಿಹಾಕಿದ್ದಲ್ಲ.

ಮಾಸ್ತರರೇ, ಬಾಯಿಯವರೇ, ನಿಮಗೂ ಒಂದು ವಿನಂತಿ. ಪ್ರವಾಸ ನಿಲ್ಲಿಸಬೇಡಿರಿ, ಹುಲಿಯ ಮುಂದೆ ಮಕ್ಕಳನ್ನು ನಿಲ್ಲಿಸಿರಿ. ಆದರೆ ಮೂರು ಪ್ರಶ್ನೆ ಕೇಳಿರಿ: ಇದನ್ನು ಕಾಡಿನಿಂದ ಅಟ್ಟಿಕೊಂಡು ಬಂದವರು ಯಾರು? ಇದರ ಬಾಯಿ ತೆರೆಸಿದವರು ಯಾರು? ಇದು ಇದ್ದ ಕಾಡಿನಲ್ಲಿ ಈಗ ಏನಿದೆ? ಬರುವಾಗ ನಮ್ಮದೇ ಜಿಲ್ಲೆಯ ಸಾಗರೇಶ್ವರದಲ್ಲಿ ಇಳಿಸಿರಿ. ಬೋಳು ಗುಡ್ಡದ ಮೇಲೆ ಜನರೇ ಗಿಡ ನೆಟ್ಟು ಬೆಳೆಸಿದ ಕಾಡು ಅದು. ಜಿಂಕೆಗಳು ಅಲ್ಲಿ ಉಸಿರಾಡುತ್ತ, ಕಿವಿ ನಿಮಿರಿಸಿ ನೋಡುತ್ತವೆ. ಅಲ್ಲಿ ಹೇಳಿರಿ, “ಶೂರತನ ಅಂದ್ರ ಇದು ನೋಡ್ರಪಾ” ಎಂದು.