ಕತ್ತರಿಯು ತಾಯಂದಿರಿಗೇ ಏಕೆ?

ರೋಗವೆನ್ನಿ, ಹಸಿವೆನ್ನಿ, “ಜನ ಹೆಚ್ಚಾಯಿತು” ಎಂಬ ಒಂದೇ ಉತ್ತರವನ್ನೀಯುವ ಮಹಾಶಯರನ್ನು ನಾವಿಂದು ಪ್ರಶ್ನಿಸಬಯಸುತ್ತೇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ ಎರಡೇ ಮಕ್ಕಳು. ಕನ್ನಡ ನಾಡಿನಲ್ಲಿ ಅದಕ್ಕೂ ಕಡಿಮೆ. ಇದನ್ನು ಸಾಧಿಸಿದವರಾರು? ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ 38 ಮಂದಿ ಸಂತಾನಹರಣ ಶಸ್ತ್ರಕ್ರಿಯೆಗೆ ಮೈಯೊಡ್ಡಿರುವರು. ನಮ್ಮ ನಾಡಿನಲ್ಲಂತೂ ಅರ್ಧಕ್ಕೂ ಮೇಲೆ. ಗಂಡಸರ ಪಾಲು ನೂರಕ್ಕೆ ಅರ್ಧವೂ ಇಲ್ಲ! ಗಂಡಸರ ಶಸ್ತ್ರಕ್ರಿಯೆಯೇ ಸುಲಭವಾದುದು, ಅಪಾಯ ಕಡಿಮೆಯಾದುದು ಎಂಬುದನ್ನು ವೈದ್ಯರೆಲ್ಲರೂ ಬಲ್ಲರು. ಆದರೆ 1976ರ ಬಲಾತ್ಕಾರಕ್ಕೆ ಮತದಾರರು 1977ರಲ್ಲಿ ಉತ್ತರವಿತ್ತರಷ್ಟೆ. ಅಂದಿನಿಂದ ಅಧಿಕಾರಿಗಳ ದೃಷ್ಟಿಯು ಬಾಯಿಲ್ಲದ ಹೆಂಗಸರ ಮೇಲೆ ಬಿದ್ದಿತು. 2014ರಲ್ಲಿ ಛತ್ತೀಸಗಡದ ಬಿಲಾಸಪುರದ ಬಳಿಯ ಶಿಬಿರವೊಂದರಲ್ಲಿ ಒಬ್ಬನೇ ವೈದ್ಯನು ಕೆಲವೇ ಗಂಟೆಗಳಲ್ಲಿ 83 ಸ್ತ್ರೀಯರಿಗೆ ಕತ್ತರಿಯಿಟ್ಟನು. ಹತ್ತಕ್ಕೂ ಮಿಕ್ಕಿದ ತಾಯಂದಿರು ಮಡಿದರು. ಇಂಥ ಶಿಬಿರಗಳನ್ನು ನಿಲ್ಲಿಸಿರೆಂದು 2016ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಬೇಕಾಯಿತು. ಇದು ಆರೋಗ್ಯನೀತಿಯೋ, ಕುರಿದೊಡ್ಡಿಯ ಲೆಕ್ಕವೋ?

1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನವು ಸರಕಾರದ ವತಿಯಿಂದ ಸಂತತಿ ನಿಯಮನದ ಸಲಹಾಲಯಗಳನ್ನು ತೆರೆದಿತ್ತು. ಅಲ್ಲಿ ದೊರೆತುದು ತಿಳಿವಳಿಕೆ. 1956ರಲ್ಲಿ ಒಂದಾದ ನಾಡು ಗಂಡಸರಿಗೆ ಆ ತಿಳಿವಳಿಕೆಯನ್ನು ಹೇಳಲು ಊರಿಗೊಬ್ಬ ಉಪಾಧ್ಯಾಯನನ್ನಾದರೂ ಕಳುಹಲಾರದೆ?