ಗೇಟಿನ ಮುಂದೆ ನಿಲ್ಲದವರ ಝಕಾತ್

2023ರ ಎಪ್ರಿಲ್ 19ರ ರಾತ್ರಿ ಯಮನ್‌ನ ರಾಜಧಾನಿ ಸನಾದಲ್ಲಿ ರಮಝಾನಿನ ದಾನ ಪಡೆಯಲು ಒಂದು ಶಾಲೆಯಲ್ಲಿ ನೆರೆದಿದ್ದ ಜನರ ನಡುವೆ ನೂಕುನುಗ್ಗಲು ಉಂಟಾಗಿ ಕನಿಷ್ಠ 78 ಮಂದಿ ಪ್ರಾಣ ಕಳಕೊಂಡರು. ಅಲ್ಲಿ ತಲಾ ಒಬ್ಬರಿಗೆ ಹಂಚುತ್ತಿದ್ದ ಮೊತ್ತ ಐದು ಸಾವಿರ ಯಮನಿ ರಿಯಾಲ್, ಅಂದರೆ ಹತ್ತು ಡಾಲರ್‌ಗಳಿಗೂ ಕಡಿಮೆ. ಈದ್‌ಗೆ ಆಗ ಎರಡೇ ದಿನ ಉಳಿದಿತ್ತು. ಅದೇ ರಮಝಾನಿನಲ್ಲಿ, ಮಾರ್ಚ್ 31ರಂದು, ಕರಾಚಿಯ ಕಾರ್ಖಾನೆಯೊಂದರ ವಿತರಣಾ ಸ್ಥಳದಲ್ಲಿ ಹತ್ತಕ್ಕೂ ಹೆಚ್ಚು ಮಹಿಳೆಯರು ಮತ್ತು ಮಕ್ಕಳು ಸತ್ತರು. 2015ರ ಜುಲೈಯಲ್ಲಿ ಬಾಂಗ್ಲಾದೇಶದ ಮೈಮನ್‌ಸಿಂಗ್‌ನಲ್ಲಿ ಝಕಾತ್‌ನ ಬಟ್ಟೆಗಾಗಿ ನಸುಕಿಗೇ ಬಂದು ನಿಂತಿದ್ದವರ ಪೈಕಿ ಇಪ್ಪತ್ತಕ್ಕೂ ಮಿಕ್ಕಿ ಜನ ಕಾಲ್ತುಳಿತಕ್ಕೆ ಸಿಲುಕಿ ಮಡಿದರು. 2008ರ ಸೆಪ್ಟೆಂಬರ್‌ನಲ್ಲಿ ಇಂಡೋನೇಷ್ಯಾದ ಪಸುರುವಾನ್‌ನಲ್ಲಿ ಓರ್ವ ಶ್ರೀಮಂತನ ಮನೆಯ ಮುಂದೆ ಸತ್ತ 21 ಮಂದಿಯೂ ಮಹಿಳೆಯರು.

ಯಮನ್‌ನ ದುರಂತಕ್ಕೆ ಯುದ್ಧವನ್ನು ಕಾರಣವಾಗಿ ಹೇಳಬಹುದು. ಆದರೆ ಪಸುರುವಾನ್‌ನಲ್ಲಿ ಯಾವ ಯುದ್ಧವಿತ್ತು? ಮೈಮನ್‌ಸಿಂಗ್‌ನಲ್ಲಿ? ಈ ನಾಲ್ಕೂ ಕಡೆ ಸಮಾನವಾಗಿದ್ದುದು ಒಂದೇ ಒಂದು ಸಂಗತಿ: ಕೊಡುವವನು ತನ್ನ ಜಾಗದಲ್ಲಿ ಕುಳಿತಿದ್ದ, ಪಡೆಯುವವರು ಅವನನ್ನು ಹುಡುಕಿಕೊಂಡು ಬಂದಿದ್ದರು.

ಯಮನ್ ಎಂಬ ಹೆಸರು ಝಕಾತ್‌ನ ಚರಿತ್ರೆಯಲ್ಲಿ ಬೇರೊಂದು ಕಾರಣಕ್ಕಾಗಿ ದಾಖಲಾಗಿದೆ. ಪ್ರವಾದಿ(ಸ) ಮುಆದ್ ಬಿನ್ ಜಬಲ್(ರ)ರನ್ನು ಅಲ್ಲಿಗೆ ಕಳುಹಿಸುವಾಗ, ಅಲ್ಲಿನ ಧನಿಕರಿಂದ ಝಕಾತ್ ಪಡೆದು ಅಲ್ಲಿನ ಬಡವರಿಗೇ ಮರಳಿಸಬೇಕೆಂದು ಆದೇಶಿಸಿದ್ದರು. ಝಕಾತ್‌ನ ಮೊದಲ ಹಕ್ಕು ಅದು ಸಂಗ್ರಹವಾದ ಊರಿನ ಬಡವರದ್ದು ಎಂಬ ನಿಯಮವನ್ನು ಕರ್ಮಶಾಸ್ತ್ರ ಪಂಡಿತರು ಕಂಡುಕೊಂಡದ್ದು ಈ ಆದೇಶದಿಂದಲೇ. ಮುಂದೆ ಉಮರ್(ರ)ರ ಆಡಳಿತ ಕಾಲದಲ್ಲಿ ಇದೇ ಮುಆದ್(ರ) ಯಮನ್‌ನ ಝಕಾತ್‌ನ ಮೂರನೇ ಒಂದು ಭಾಗವನ್ನು ಮದೀನಾಕ್ಕೆ ಕಳುಹಿಸಿದಾಗ ಖಲೀಫರು ಆಕ್ಷೇಪಿಸಿದರು. ನಿಮ್ಮನ್ನು ನಾನು ತೆರಿಗೆ ವಸೂಲಿಗೆ ಕಳುಹಿಸಿಲ್ಲ ಎಂಬುದು ಅವರ ಆಕ್ಷೇಪದ ಸಾರಾಂಶ. ಪಡೆಯುವವರು ಇಲ್ಲಿ ಸಿಗುತ್ತಿಲ್ಲ ಎಂಬುದು ಮುಆದ್(ರ)ರ ಉತ್ತರವಾಗಿತ್ತು. ಮರುವರ್ಷ ಅರ್ಧ ಬಂತು, ಅದರ ಮರುವರ್ಷ ಪೂರ್ತಿ ಬಂತು ಎಂದು ಅಬೂ ಉಬೈದ್‌ರ ಕಿತಾಬುಲ್ ಅಮ್ವಾಲ್ ದಾಖಲಿಸುತ್ತದೆ. ಅದೇ ಯಮನ್‌ನಲ್ಲಿ ಹದಿನಾಲ್ಕು ಶತಮಾನಗಳ ನಂತರ ಐದು ಸಾವಿರ ರಿಯಾಲ್‌ಗಾಗಿ ಜನ ಒಬ್ಬರ ಮೇಲೊಬ್ಬರು ಬಿದ್ದು ಸತ್ತರು.

ನಮ್ಮ ಪಟ್ಟಣಗಳಲ್ಲಿ ರಮಝಾನಿನ ಕೊನೆಯ ಹತ್ತು ದಿನ ಏನು ನಡೆಯುತ್ತದೆ ಎಂಬುದನ್ನು ನಾವೆಲ್ಲ ಬಲ್ಲೆವು. ಅಸರ್‌ನ ನಂತರ ಜವಳಿ ಅಂಗಡಿಯ ಮುಂದೆ, ಮರದ ಮಿಲ್ಲಿನ ಮುಂದೆ, ಗಲ್ಫ್‌ನಿಂದ ಬಂದವರ ಮನೆಯ ಗೇಟಿನ ಮುಂದೆ ಬುರ್ಖಾಧಾರಿ ಮಹಿಳೆಯರ ಸಾಲು ಬೆಳೆಯುತ್ತದೆ. ಕಂಕುಳಲ್ಲಿ ಮಗು, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಯಾವುದೋ ಊರಿನ ಮಸೀದಿಯ ಲೆಟರ್‌ಹೆಡ್‌ನಲ್ಲಿ ಬರೆದ ಪತ್ರ. ಒಳಗಿನಿಂದ ಒಬ್ಬ ಹುಡುಗ ಬಂದು ಐವತ್ತರ ಅಥವಾ ನೂರರ ನೋಟು ಹಂಚುತ್ತಾನೆ. ನೋಟು ಮುಗಿದಾಗ ಗೇಟು ಮುಚ್ಚುತ್ತದೆ. ಸಾಲಿನಲ್ಲಿ ಉಳಿದವರು ಇಫ್ತಾರ್‌ಗೆ ಮುನ್ನ ಇನ್ನೊಂದು ಬೀದಿಗೆ ಓಡುತ್ತಾರೆ. ಉಪವಾಸದಲ್ಲಿರುವ ತಾಯಿಯೊಬ್ಬಳು ಹೀಗೆ ಬೀದಿಯಿಂದ ಬೀದಿಗೆ ಅಲೆಯುವುದು ಎಷ್ಟು ಸಹಜವಾಗಿ ಬಿಟ್ಟಿದೆಯೆಂದರೆ, ಆ ಸಾಲು ಕಾಣದ ವರ್ಷ ನಮಗೆ ರಮಝಾನ್ ಬಂದಂತೆಯೇ ಅನಿಸಲಿಕ್ಕಿಲ್ಲ. ಇಲ್ಲಿ ಕಾಲ್ತುಳಿತವಾಗಿಲ್ಲ ಎಂಬುದನ್ನು ಬಿಟ್ಟರೆ ಸನಾದ ಆ ಶಾಲೆಗೂ ನಮ್ಮ ಗೇಟಿಗೂ ಏನು ವ್ಯತ್ಯಾಸವಿದೆ?

ಲೆಕ್ಕವನ್ನೊಮ್ಮೆ ನೋಡೋಣ. ಇಪ್ಪತ್ತು ಲಕ್ಷ ರೂಪಾಯಿ ಝಕಾತ್‌ಗೆ ಅರ್ಹವಾದ ಸಂಪತ್ತುಳ್ಳ ವ್ಯಾಪಾರಿಯೊಬ್ಬ ಶೇ. 2.5ರಂತೆ ವರ್ಷಕ್ಕೆ 50 ಸಾವಿರ ಕೊಡಬೇಕು. ಅದನ್ನಾತ ನೂರು ರೂಪಾಯಿಯಂತೆ ಹಂಚಿದರೆ 500 ಕೈಗಳಿಗೆ ತಲುಪುತ್ತದೆ. ಆ ಐನೂರರಲ್ಲಿ ಒಬ್ಬರ ಬಡತನವೂ ಒಂದು ದಿನದಷ್ಟು ಕಡಿಮೆಯಾಗುವುದಿಲ್ಲ. ಅದೇ ಮೊಹಲ್ಲಾದ ಅಂಥ ಹತ್ತು ಮಂದಿ ಒಟ್ಟುಗೂಡಿದರೆ ಐದು ಲಕ್ಷ. ಆ ಮೊತ್ತದಲ್ಲಿ ಒಂದು ಕುಟುಂಬದ ಆಸ್ಪತ್ರೆಯ ಸಾಲ ತೀರಬಹುದು, ಇನ್ನೊಬ್ಬನ ಆಟೋರಿಕ್ಷಾಕ್ಕೆ ಮುಂಗಡವಾಗಬಹುದು, ಇಬ್ಬರು ವಿಧವೆಯರಿಗೆ ಹೊಲಿಗೆ ಯಂತ್ರ ಬರಬಹುದು, ಒಬ್ಬ ಹುಡುಗಿಯ ನರ್ಸಿಂಗ್ ಶುಲ್ಕ ಪಾವತಿಯಾಗಬಹುದು. ಕೊಡುವುದಾದರೆ ಅವರ ಕೊರತೆ ನೀಗುವಷ್ಟು ಕೊಡಿರಿ ಎಂಬ ಅರ್ಥದ ಉಮರ್(ರ)ರ ಮಾತು ಫಿಕ್ಹ್ ಓದಿದವರಿಗೆ ಅಪರಿಚಿತವೇನಲ್ಲ. ಮದ್ರಸದಲ್ಲಿ ನಾವದನ್ನು ಓದಿದೆವು, ಪರೀಕ್ಷೆಯಲ್ಲಿ ಬರೆದೆವು. ಗೇಟಿನ ಮುಂದೆ ಮಾತ್ರ ಅದು ನೆನಪಾಗುವುದಿಲ್ಲ.

ಇನ್ನೂ ಗಂಭೀರವಾದ ಸಂಗತಿಯೆಂದರೆ, ಆ ಸಾಲಿನಲ್ಲಿ ನಿಲ್ಲದವರದ್ದು. ಪವಿತ್ರ ಕುರ್‌ಆನ್‌ನ ಅಲ್‌ಬಕರ ಅಧ್ಯಾಯವು ಒಂದು ವಿಶಿಷ್ಟ ಬಡವರ್ಗದ ಬಗ್ಗೆ ಪ್ರಸ್ತಾಪಿಸುತ್ತದೆ. ಅವರು ಕೈಚಾಚುವುದಿಲ್ಲ, ಜನರನ್ನು ಕಾಡಿ ಬೇಡುವುದಿಲ್ಲ, ಅವರ ಸ್ವಾಭಿಮಾನವನ್ನು ಕಂಡು ತಿಳಿಯದವರು ಅವರನ್ನು ಉಳ್ಳವರೆಂದೇ ಭಾವಿಸುತ್ತಾರೆ. ಇಂಥವರನ್ನು ಗುರುತಿಸುವ ಹೊಣೆ ಯಾರದ್ದು? ಅವರಂತೂ ಹೇಳಿಕೊಳ್ಳುವುದಿಲ್ಲ. ಹಾಗಿದ್ದರೆ ಅದು ನೆರೆಮನೆಯವನ ಹೊಣೆಯೇ ಅಲ್ಲವೇ?

2020ರ ರಮಝಾನ್ ಈ ವಿಷಯದಲ್ಲಿ ನಮಗೊಂದು ಪಾಠ ಕಲಿಸಿತ್ತು. ಲಾಕ್‌ಡೌನ್‌ನಿಂದಾಗಿ ಮಸೀದಿಗಳು ಮುಚ್ಚಿದ್ದವು, ಬೀದಿಯಲ್ಲಿ ಯಾರೂ ಸಾಲುಗಟ್ಟುವಂತಿರಲಿಲ್ಲ. ಆದ್ದರಿಂದ ಕೊಡುವವರೇ ಹೊರಡಬೇಕಾಯಿತು. ಯುವಕರು ಬೈಕಿನಲ್ಲಿ ಅಕ್ಕಿ, ಬೇಳೆ, ಎಣ್ಣೆಯ ಚೀಲಗಳನ್ನು ಹೇರಿಕೊಂಡು ಮನೆ ಮನೆಗೆ ಹೋದರು. ಆಗ ಅವರು ತಟ್ಟಿದ ಬಾಗಿಲುಗಳ ಹಿಂದೆ ಯಾರಿದ್ದರು? ಖಾಸಗಿ ಶಾಲೆಯ ಶಿಕ್ಷಕಿ, ಬಸ್ಸಿನ ಕ್ಲೀನರ್, ಮದುವೆ ಹಾಲ್‌ನ ಅಡುಗೆಯವ, ಸಂಬಳ ನಿಂತುಹೋದ ಮದ್ರಸದ ಉಸ್ತಾದರು. ಅದಕ್ಕೆ ಹಿಂದಿನ ಯಾವ ವರ್ಷವೂ ಅವರು ಯಾರ ಗೇಟಿನ ಮುಂದೆಯೂ ನಿಂತವರಲ್ಲ. ಮರುವರ್ಷಗಳಲ್ಲಿ ಮಸೀದಿಗಳು ತೆರೆದವು, ಗೇಟಿನ ಸಾಲುಗಳೂ ಮರಳಿದವು. ಆ ಬಾಗಿಲುಗಳನ್ನು ತಟ್ಟುವವರು ಕಡಿಮೆಯಾದರು.

ಸಾಮೂಹಿಕ ಝಕಾತ್ ಎಂದೊಡನೆ ನಮ್ಮಲ್ಲಿ ಒಂದು ತರ್ಕ ಎದ್ದು ನಿಲ್ಲುತ್ತದೆ. ಇಸ್ಲಾಮೀ ಆಡಳಿತವಿಲ್ಲದ ನಾಡಿನಲ್ಲಿ ಕಮಿಟಿಗೆ ಝಕಾತ್ ಕೊಟ್ಟರೆ ಹೊಣೆ ತೀರುತ್ತದೆಯೇ? ಕರಾವಳಿಯ ಮತ್ತು ಕೇರಳದ ಶಾಫಿಈ ವಿದ್ವಾಂಸರಲ್ಲಿ ಅನೇಕರು ತೀರುವುದಿಲ್ಲ ಎನ್ನುತ್ತಾರೆ. ಹಕ್ಕುದಾರನಿಗೆ ಧನಿಕನೇ ಕೊಡಬೇಕು ಅಥವಾ ನಿರ್ದಿಷ್ಟ ವ್ಯಕ್ತಿಯೊಬ್ಬನನ್ನು ವಕೀಲನಾಗಿ ನೇಮಿಸಬೇಕು, ಕಮಿಟಿ ಎಂಬುದು ವ್ಯಕ್ತಿಯಲ್ಲ ಎಂಬುದು ಅವರ ವಾದ. ಇನ್ನೊಂದು ಕಡೆ, ಕೇರಳದ ಬೈತುಝ್ಝಕಾತ್‌ನಂಥ ಸಂಸ್ಥೆಗಳು ಎರಡು ದಶಕಗಳಿಗೂ ಮಿಕ್ಕಿದ ಅವಧಿಯಿಂದ ಝಕಾತ್ ಸಂಗ್ರಹಿಸಿ ಮನೆ, ಉದ್ಯೋಗ, ಸಾಲ ಪರಿಹಾರಕ್ಕಾಗಿ ವಿನಿಯೋಗಿಸುತ್ತಿವೆ. ಈ ಲೇಖಕನ ಒಲವು ಎರಡನೆಯದರತ್ತ ಇದೆಯೆಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಈ ಚರ್ಚೆ ಮುಗಿಯುವ ತನಕ ಬಡವ ಕಾಯಬೇಕೆಂದು ಯಾವ ಮದ್‌ಹಬ್ ಹೇಳಿದೆ? ಹಣ ಸಂಗ್ರಹಿಸುವುದರಲ್ಲಿ ಭಿನ್ನಾಭಿಪ್ರಾಯವಿರಬಹುದು. ಹಕ್ಕುದಾರರ ಪಟ್ಟಿ ತಯಾರಿಸುವುದರಲ್ಲಿ ಇಲ್ಲ. ಮಸೀದಿಯ ಸಮಿತಿ ಒಂದು ರೂಪಾಯಿಯನ್ನೂ ಮುಟ್ಟದಿರಲಿ. ಮೊಹಲ್ಲಾದಲ್ಲಿ ಯಾವ ಮನೆಗೆ ಏನು ಬೇಕು, ಎಷ್ಟು ಬೇಕು ಎಂಬುದನ್ನು ತಿಳಿದು, ತನ್ನ ಝಕಾತ್ ಯಾರಿಗೆ ಕೊಡಲೆಂದು ಕೇಳಿದ ಧನಿಕನಿಗೆ ಮೂರು ಮನೆ ತೋರಿಸಲಿ. ಆತ ತನ್ನ ಕೈಯಾರೆ ಕೊಟ್ಟು ಬರಲಿ. ಇದಕ್ಕೆ ಅಡ್ಡಿಪಡಿಸುವ ಫತ್ವಾ ಎಲ್ಲಿಯೂ ಇರಲಾರದು.

ಬಲವಂತದಿಂದ ಇದು ಆಗುವ ಕೆಲಸವೂ ಅಲ್ಲ. ಪಾಕಿಸ್ತಾನದಲ್ಲಿ ಝಿಯಾವುಲ್ ಹಕ್ 1980ರಲ್ಲಿ ಸುಗ್ರೀವಾಜ್ಞೆಯ ಮೂಲಕ ಬ್ಯಾಂಕ್ ಖಾತೆಗಳಿಂದಲೇ ಝಕಾತ್ ಕಡಿತಗೊಳಿಸತೊಡಗಿದರು. ಪರಿಣಾಮವಾಗಿ, ರಮಝಾನ್ ಸಮೀಪಿಸುತ್ತಿದ್ದಂತೆಯೇ ಜನ ಬ್ಯಾಂಕಿನಿಂದ ಹಣ ಹಿಂಪಡೆಯುವುದನ್ನು ರೂಢಿ ಮಾಡಿಕೊಂಡರು. ಝಕಾತ್ ಕೊಡಲು ಒಪ್ಪದವರಷ್ಟೇ ಅಲ್ಲ, ಸರಕಾರದ ಮೇಲೆ ನಂಬಿಕೆಯಿಲ್ಲದ ಧರ್ಮನಿಷ್ಠರೂ ಹಾಗೆ ಮಾಡಿದರು. ನಮ್ಮ ಮಸೀದಿ ಸಮಿತಿಗಳು ತಮ್ಮ ಲೆಕ್ಕಪತ್ರವನ್ನು ಸೂಚನಾ ಫಲಕದಲ್ಲಿ ಹಾಕಲು ಹಿಂಜರಿಯುವವರೆಗೆ ಅವುಗಳ ಮೇಲೆಯೂ ಅದೇ ಅಪನಂಬಿಕೆ ಇರುತ್ತದೆ.

ಪಟ್ಟಿಯಲ್ಲಿ ಮೊದಲು ಬರಬೇಕಾದವರು ಸಾಲಗಾರರು. ಅತ್ತೌಬ ಅಧ್ಯಾಯವು ಎಣಿಸಿದ ಎಂಟು ವಿಭಾಗಗಳಲ್ಲಿ ಅವರದೇ ಒಂದು ವಿಭಾಗವಿದೆ. ಆದರೆ ನಮ್ಮ ಝಕಾತ್‌ನಲ್ಲಿ ಅವರು ಕಾಣಿಸುವುದೇ ಅಪರೂಪ. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಕಿರುಸಾಲ ಸಂಸ್ಥೆಗಳ ಕಿರುಕುಳ ತಡೆಯಲು ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ವಸೂಲಿಗಾರರಿಗೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟವರ, ಜೀವ ಕಳಕೊಂಡವರ ಸುದ್ದಿಗಳು ಅದಕ್ಕೂ ಮೊದಲು ತಿಂಗಳುಗಟ್ಟಲೆ ಬರುತ್ತಿದ್ದವು. ವಾರದ ಕಂತು ಕಟ್ಟಲು ಗುಂಪಿನಲ್ಲಿ ಕೂರುವ ಮಹಿಳೆಯರಲ್ಲಿ ನಮ್ಮ ಮೊಹಲ್ಲಾದವರು ಇಲ್ಲವೇ? ಬಡ್ಡಿ ಹರಾಮ್ ಎಂದು ಜುಮಾದ ಖುತ್ಬಾದಲ್ಲಿ ಹೇಳುವುದು ಸುಲಭ. ಹೆರಿಗೆಗೆಂದು 30 ಸಾವಿರ ಬೇಕಾದಾಗ ಆಕೆಗೆ ಬಡ್ಡಿಯಿಲ್ಲದ ಬಾಗಿಲು ಯಾವುದಿತ್ತು ಎಂದು ಕೇಳುವುದು ಕಷ್ಟ.

ಶಿಕ್ಷಣದ್ದೂ ಇದೇ ಕತೆ. ಒಂದರಿಂದ ಎಂಟನೇ ತರಗತಿವರೆಗಿನ ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನವನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ಅದೇ ವರ್ಷದ ಕೊನೆಯಲ್ಲಿ ಮೌಲಾನಾ ಆಝಾದ್ ಫೆಲೋಶಿಪ್ ಕೂಡಾ ರದ್ದಾಯಿತು. ಇದರ ವಿರುದ್ಧ ಧ್ವನಿ ಎತ್ತಲೇಬೇಕು, ಅದು ಪ್ರಜೆಗಳಾಗಿ ನಮ್ಮ ಹಕ್ಕು. ಆದರೆ ಮನವಿ ಪತ್ರ ದಿಲ್ಲಿ ತಲುಪಿ ಉತ್ತರ ಬರುವುದರೊಳಗೆ ಆರನೇ ತರಗತಿಯ ಹುಡುಗ ಗ್ಯಾರೇಜಿಗೆ ಸೇರಿರುತ್ತಾನೆ. ಅವನ ಮನೆಯಿಂದ ನಾಲ್ಕು ಮನೆ ಆಚೆಗೆ ಇರುವವನಿಗೆ ಇದು ತಿಳಿಯದಿರುವುದು ದಿಲ್ಲಿಯ ತಪ್ಪಲ್ಲ.

ಇಮಾಮರ ಮತ್ತು ಮುಅಝ್ಝಿನ್‌ರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರಿಗೆ ತಕ್ಕ ಸಂಬಳ ಕೊಡದೆ, ಆ ಕೊರತೆಯನ್ನು ರಮಝಾನಿನ ಝಕಾತ್ ಲಕೋಟೆಯಿಂದ ತುಂಬಿಸುವ ಕ್ರಮ ಎಷ್ಟೋ ಕಡೆ ಇದೆ. ಝಕಾತ್ ಕೂಲಿಯಲ್ಲ, ಕೂಲಿಗೆ ಬದಲಿಯೂ ಅಲ್ಲ. ಮಿನಾರಕ್ಕೆ ಹೊಸ ಬಣ್ಣ ಬಳಿಸುವ ಸಮಿತಿಗೆ ಅದರ ಬುಡದಲ್ಲಿ ಬಾಂಗ್ ಕೊಡುವವನ ಮನೆಯ ಬಾಡಿಗೆ ಕಾಣದಿರುವುದು ಆಶ್ಚರ್ಯವೇ ಸರಿ.

ಇನ್ನು ಕಿಟ್‌ಗಳು. ಖರ್ಜೂರ, ಅಕ್ಕಿ, ಸಕ್ಕರೆ, ಎಣ್ಣೆ ತುಂಬಿದ ಚೀಲ ಕೊಡುವುದು ಒಳ್ಳೆಯದೇ. ಆದರೆ ಚೀಲದ ಮೇಲೆ ರಾಜಕಾರಣಿಯ ಭಾವಚಿತ್ರ ಯಾಕೆ? ಸ್ವೀಕರಿಸುವ ಮಹಿಳೆಯನ್ನು ನಿಲ್ಲಿಸಿ ಫೋಟೋ ತೆಗೆದು ವಾಟ್ಸ್ಯಾಪ್‌ನಲ್ಲಿ ಹಂಚುವುದೇಕೆ? ಎತ್ತಿ ಆಡುವ ಮೂಲಕ, ನೋಯಿಸುವ ಮೂಲಕ ದಾನವನ್ನು ವ್ಯರ್ಥಗೊಳಿಸಬಾರದೆಂದು ಕುರ್‌ಆನ್ ಎಚ್ಚರಿಸಿದೆ. ಆ ಫೋಟೋ ಮರುದಿನ ಆಕೆಯ ಮಗನ ಶಾಲೆಯ ಗೆಳೆಯರ ಮೊಬೈಲ್‌ಗಳಲ್ಲಿರುತ್ತದೆ. ಇದಕ್ಕಿಂತ ದೊಡ್ಡ ನೋವು ಬೇರೆ ಬೇಕೆ?

ಪಟ್ಟಿಯೆಂದರೆ ಮುಸ್ಲಿಮ್ ಮನೆಗಳದ್ದು ಮಾತ್ರವೇ ಎಂಬ ಪ್ರಶ್ನೆ ಬರುತ್ತದೆ. ಝಕಾತ್‌ಗೆ ಕರ್ಮಶಾಸ್ತ್ರದ ನಿಬಂಧನೆಗಳಿವೆ. ಐಚ್ಛಿಕ ದಾನಕ್ಕೆ ಅಂಥ ಗಡಿಯಿಲ್ಲ. ಫಿತ್ರ್ ದಾನವನ್ನೂ ಬಡ ಸಹೋದರ ಧರ್ಮೀಯರಿಗೆ ನೀಡಬಹುದೆಂಬ ಅಭಿಪ್ರಾಯ ಹನಫಿಗಳಲ್ಲಿದೆ. ಅಬ್ದುಲ್ಲಾ ಬಿನ್ ಅಮ್ರ್(ರ)ರ ಮನೆಯಲ್ಲಿ ಆಡು ಕೊಯ್ದಾಗ ಅವರು ಮೊದಲು ಕೇಳಿದ್ದು, ನಮ್ಮ ಯಹೂದಿ ನೆರೆಯವರಿಗೆ ಕೊಟ್ಟಿರಾ ಎಂದು. ಬೇಡುತ್ತಿದ್ದ ವೃದ್ಧ ಯಹೂದಿಯೊಬ್ಬನನ್ನು ಕಂಡ ಉಮರ್(ರ) ಆತನಿಗೆ ಬೈತುಲ್ ಮಾಲ್‌ನಿಂದ ವೇತನ ಗೊತ್ತುಪಡಿಸಿದ್ದನ್ನು ಅಬೂ ಯೂಸುಫ್ ದಾಖಲಿಸಿದ್ದಾರೆ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಂಟಿಯಾಗಿರುವ ಹಿಂದೂ ಅಜ್ಜಿಯ ಔಷಧಿಯ ಚೀಟಿ ನಮ್ಮ ಕೈಗೆ ಬರುವುದಕ್ಕೆ ಇಫ್ತಾರ್ ಕೂಟದ ವೇದಿಕೆಯ ಅಗತ್ಯವಿಲ್ಲ.

ಇದೆಲ್ಲ ರಮಝಾನಿನಲ್ಲಿ ಶುರು ಮಾಡುವ ಕೆಲಸವಲ್ಲ. ತರಾವೀಹ್‌ನ, ಖತಮ್‌ನ, ಪೇಟೆಯ ಗದ್ದಲದಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಶಅಬಾನ್ ತಿಂಗಳೇ ಸೂಕ್ತ. ಇನ್ನೂರು ಮನೆಗಳ ಮೊಹಲ್ಲಾಕ್ಕೆ ನಾಲ್ವರು ಯುವಕರು ಮತ್ತು ನಾಲ್ವರು ಮಹಿಳೆಯರು ಸಾಕು. ಮಹಿಳೆಯರು ಇರಲೇಬೇಕು, ಯಾಕೆಂದರೆ ಅಡುಗೆಮನೆಯ ಡಬ್ಬಿ ಖಾಲಿಯಿರುವುದು ಗಂಡಸರ ಕಣ್ಣಿಗೆ ಬೀಳುವುದಿಲ್ಲ, ವಿಧವೆ ತನ್ನ ಸಾಲದ ಮೊತ್ತವನ್ನು ಸಮಿತಿಯ ಅಧ್ಯಕ್ಷರ ಮುಂದೆ ಹೇಳುವುದೂ ಇಲ್ಲ. ದಿನಕ್ಕೆ ಹತ್ತು ಮನೆಯಂತೆ ಇಪ್ಪತ್ತು ಸಂಜೆಗಳು. ಒಂದು ನೋಟ್ ಪುಸ್ತಕ ಸಾಕು, ಕಂಪ್ಯೂಟರ್ ಬೇಕಾಗಿಲ್ಲ. ಅದನ್ನು ಖತೀಬರ ಕಪಾಟಿನಲ್ಲಿಟ್ಟು ಬೀಗ ಹಾಕಬೇಕು. ಅದರ ಒಂದು ಪುಟವೂ ಯಾರ ಮೊಬೈಲ್‌ಗೂ ಹೋಗಬಾರದು.